ಕೋಡಿ ಬಿದ್ದ ವರ್ಷ, ತಳ ಕಂಡ ವರ್ಷ

2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ ಕೋಡಿ ಬಿತ್ತು. ಸರ್ಕಾರಿ ಕಡತಗಳಲ್ಲಿ ಅದು ವಾಣಿ ವಿಲಾಸ ಸಾಗರ. ಸುತ್ತಲ ಹಳ್ಳಿಯವರಿಗೆ ಇವತ್ತಿಗೂ ಮಾರಿಕಣಿವೆಯೇ. 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ ಅದಕ್ಕೆ ಮೊದಲು ಕೋಡಿ ಬಿದ್ದದ್ದು ಒಂದೇ ಸಲ, 1933ರಲ್ಲಿ. ನಡುವೆ 89 ವರ್ಷ ಕಳೆದಿದ್ದವು. ಅಜ್ಜ ಹೇಳುತ್ತಿದ್ದ ಮಾತು ಮೊಮ್ಮಕ್ಕಳ ಕಾಲಕ್ಕೆ ನಿಜವಾಯಿತು. ಚಿತ್ರದುರ್ಗ, ಚಳ್ಳಕೆರೆ, ಹೊಸದುರ್ಗ, ಶಿರಾ ಕಡೆಯಿಂದ ಜನ ಬೈಕು, ಟ್ರ್ಯಾಕ್ಟರು, ಟೆಂಪೊಗಳಲ್ಲಿ ಬಂದು ಕೋಡಿ ನೀರಿಗೆ ಕೈಯೊಡ್ಡಿ ನಿಂತರು. ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿದರು.

ಅದಕ್ಕೆ ಐದೇ ವರ್ಷ ಹಿಂದೆ, 2017ರಲ್ಲಿ, ಇದೇ ಜಲಾಶಯದ ನೀರು 60 ಅಡಿಯ ಆಸುಪಾಸಿಗೆ ಇಳಿದಿತ್ತು. 60 ಅಡಿ ಎಂದರೆ ಇಲ್ಲಿ ಡೆಡ್ ಸ್ಟೋರೇಜ್. ಅದರ ಕೆಳಗಿನ ನೀರು ತೂಬಿಗೆ ಎಟಕುವುದಿಲ್ಲ. ನಾಲೆಗಳಿಗೆ ನೀರು ಬಿಡುವುದು ನಿಂತಿತು. ಅಚ್ಚುಕಟ್ಟಿನ ತೆಂಗಿನ ಮರಗಳ ಗರಿಗಳು ಮೊದಲು ಜೋತುಬಿದ್ದವು, ಆಮೇಲೆ ಸುಳಿಯೇ ಒಣಗಿತು. ಹಿರಿಯೂರು ಸೀಮೆಯಲ್ಲಿ ಆಗ ರಸ್ತೆಯ ಎರಡೂ ಬದಿ ತಲೆಯಿಲ್ಲದ ತೆಂಗಿನ ಬೊಡ್ಡೆಗಳು ಸಾಲಾಗಿ ನಿಂತಿದ್ದವು. ತೆಂಗು ಒಂದು ಬೆಳೆಯಲ್ಲಿ ಮುಗಿದುಹೋಗುವ ಪೈರಲ್ಲ. ಸಸಿ ನೆಟ್ಟು, ಫಸಲಿಗೆ ವರ್ಷಗಟ್ಟಲೆ ಕಾದು, ಮುಂದಿನ ತಲೆಮಾರಿಗೂ ಆಯಿತೆಂದು ನೆಮ್ಮದಿಯಾಗಿದ್ದ ತೋಟ ಒಂದು ಬೇಸಿಗೆಯಲ್ಲಿ ಸತ್ತರೆ ಆ ಮನೆ ಮತ್ತೆ ಏಳಲು ಎಷ್ಟು ವರ್ಷ ಬೇಕು?

60 ಅಡಿಯಿಂದ ಕೋಡಿಯ ಮಟ್ಟವಾದ 130 ಅಡಿಗೆ ಐದು ವರ್ಷ. ಆಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ. ತುಂಬದೆ 89 ವರ್ಷ ಕಾಯಿಸಿದ ಜಲಾಶಯ ಎರಡೂವರೆ ವರ್ಷದೊಳಗೆ ಎರಡು ಸಲ ತುಂಬಿತು. ಇದನ್ನು ವರುಣನ ಕೃಪೆ ಎಂದು ಕೈಮುಗಿದು ಸುಮ್ಮನಾಗಬಹುದು. ಆದರೆ ಜಲಾಶಯದ ಏರಿಳಿತದ ಹಿಂದೆ ಮಳೆಯೊಂದೇ ಇಲ್ಲ. ನೀರು ಬರುವ ದಾರಿಯುದ್ದಕ್ಕೂ ಏನೇನಿದೆ, ತುಂಬಿದ ಮೇಲೆ ನಾವು ಅದನ್ನು ಎಷ್ಟು ಬೇಗ ಖಾಲಿ ಮಾಡುತ್ತೇವೆ ಎಂಬುದೂ ಅದರಲ್ಲಿ ಸೇರಿದೆ. ಬರ ಬಂದ ವರ್ಷದಲ್ಲಿ ಎದ್ದುಬಿದ್ದು ಲೆಕ್ಕ ಹಾಕುವ ನಾವು ಜಲಾಶಯ ತುಂಬಿದ ವರ್ಷದಲ್ಲಿ ಲೆಕ್ಕದ ಪುಸ್ತಕ ತೆರೆಯುವುದೇ ಇಲ್ಲ. ನನ್ನ ಕಳವಳ ಇರುವುದು ಅಲ್ಲಿ.

ಮುಂಗಾರು ಶುರುವಾಯಿತೆಂದರೆ ಪತ್ರಿಕೆಗಳ ಒಳಪುಟದಲ್ಲಿ ‘ಜಲಾಶಯಗಳ ಮಟ್ಟ’ ಎಂಬ ಪುಟ್ಟ ಕೋಷ್ಟಕ ಬರುತ್ತದೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಂಡ್ಯ, ಮೈಸೂರು, ಹೊಸಪೇಟೆ, ಸಿಂಧನೂರು ಕಡೆಯ ಹೋಟೆಲುಗಳಲ್ಲಿ ಬೆಳಗಿನ ಕಾಫಿಗೆ ಕೂತವರು ಮುಖಪುಟಕ್ಕಿಂತ ಮೊದಲು ಇದನ್ನೇ ನೋಡುವುದುಂಟು. ‘ಕಟ್ಟೆ ಎಷ್ಟಾಯ್ತು?’ ಎಂದರೆ ಸಾಕು, ಯಾವ ಕಟ್ಟೆ ಎಂದು ಯಾರೂ ಕೇಳುವುದಿಲ್ಲ. ಮಂಡ್ಯದವರಿಗೆ ಅದು ಕನ್ನಂಬಾಡಿ, ಅಂದರೆ ಕೃಷ್ಣರಾಜಸಾಗರ, ಕೆಆರ್‌ಎಸ್.

ಆ ಕೋಷ್ಟಕವನ್ನು ಓದಲು ಕೊಂಚ ಎಚ್ಚರ ಬೇಕು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂದಿರುತ್ತದೆ, ಲಿಂಗನಮಕ್ಕಿಯದ್ದು 1,819 ಅಡಿ, ಆಲಮಟ್ಟಿಯದ್ದು 519.60 ಮೀಟರ್. ಹಾಗೆಂದು ಲಿಂಗನಮಕ್ಕಿ ಕನ್ನಂಬಾಡಿಗಿಂತ ಹದಿನೈದು ಪಟ್ಟು ಆಳವಲ್ಲ. ಒಂದನ್ನು ಅಣೆಕಟ್ಟೆಯ ಬುಡದ ಕಡೆಯಿಂದ ಎಣಿಸಿದ್ದಾರೆ, ಮತ್ತೊಂದನ್ನು ಸಮುದ್ರಮಟ್ಟದಿಂದ. ಇದು ಬರೀ ಎಣಿಕೆಯ ಪದ್ಧತಿಯ ಮಾತು. ಅಡಿಗೂ ನೀರಿನ ಪ್ರಮಾಣಕ್ಕೂ ಇರುವ ಸಂಬಂಧ ಇದಕ್ಕಿಂತ ತೊಡಕಿನದು.

ಜಲಾಶಯ ನೇರ ಗೋಡೆಯ ತೊಟ್ಟಿಯಲ್ಲ, ಬಾಣಲೆಯ ಹಾಗೆ. ತಳದಲ್ಲಿ ಕಿರಿದು, ಮೇಲೇರಿದಷ್ಟೂ ಅಗಲ. ಕೆಆರ್‌ಎಸ್ ಭರ್ತಿಯಾದಾಗ 49.45 ಟಿಎಂಸಿ ನೀರು ಹಿಡಿಯುತ್ತದೆ. ನೂರು ಅಡಿಗೆ ಇಳಿದಾಗ ಅದರಲ್ಲಿ ಉಳಿದಿರುವುದು ಸುಮಾರು 23 ಟಿಎಂಸಿ. ಅಂದರೆ ಮೇಲಿನ 25 ಅಡಿಯಲ್ಲಿ ಇರುವ ನೀರು ಕೆಳಗಿನ ನೂರು ಅಡಿಯಲ್ಲಿ ಇರುವುದಕ್ಕಿಂತ ಹೆಚ್ಚು. 80 ಅಡಿಗೆ ಇಳಿದರೆ ಉಳಿಯುವುದು ಸುಮಾರು 11 ಟಿಎಂಸಿ. ಅದರಲ್ಲಿಯೂ ತಳದ ಒಂದಷ್ಟು ನೀರನ್ನು ಬಳಸಲಾಗದು. ಆದ್ದರಿಂದ ಆಗಸ್ಟಿನಲ್ಲಿ ‘ಒಂದೇ ದಿನ ನಾಲ್ಕು ಅಡಿ ಏರಿಕೆ’ ಎಂಬ ತಲೆಬರಹ ಕಂಡರೆ ಮೊದಲು ಕೇಳಬೇಕಾದ್ದು, ಎಷ್ಟನೇ ಅಡಿಯಿಂದ ಏರಿತು ಎಂದು. 80ರಿಂದ 84ಕ್ಕೆ ಏರಿದರೆ ಬಂದದ್ದು ಎರಡು ಟಿಎಂಸಿಯ ಆಸುಪಾಸು. 120ರಿಂದ 124ಕ್ಕೆ ಏರಿದರೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಬೇಸಿಗೆಯಲ್ಲಿ ಇದೇ ಲೆಕ್ಕ ತಿರುಗಿ ಬಡಿಯುತ್ತದೆ. ಜನವರಿಯಲ್ಲಿ ವಾರಕ್ಕೊಂದು ಅಡಿ ಇಳಿಯುತ್ತಿದ್ದ ನೀರು ಅಷ್ಟೇ ಹೊರಹರಿವಿಗೆ ಏಪ್ರಿಲ್‌ನಲ್ಲಿ ಎರಡು, ಎರಡೂವರೆ ಅಡಿ ಇಳಿಯತೊಡಗುತ್ತದೆ. ನೋಡುವವರಿಗೆ ಕಟ್ಟೆ ದಿಢೀರನೆ ಬತ್ತಿದಂತೆ ಕಾಣುತ್ತದೆ.

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನ ಲೆಕ್ಕದಲ್ಲಿ ಸುಮಾರು 2,830 ಕೋಟಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಇವೆರಡನ್ನು ಜೋಡಿಸಲು ಒಂದು ಸುಲಭದ ಲೆಕ್ಕ ನೆನಪಿಟ್ಟುಕೊಂಡರೆ ಸಾಕು: 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಕಾವೇರಿ ಗಲಾಟೆಯ ದಿನಗಳಲ್ಲಿ ‘ಐದು ಸಾವಿರ ಕ್ಯುಸೆಕ್‌ನಂತೆ 15 ದಿನ’ ಎಂಬ ಆದೇಶ ಬಂದಾಗ ಅದು ಆರೂವರೆ ಟಿಎಂಸಿ ಎಂದು ತಕ್ಷಣ ತಿಳಿಯುತ್ತದೆ. ಕಟ್ಟೆ 124 ಅಡಿ ಇದ್ದಾಗ ಅದು ದೊಡ್ಡದಲ್ಲ. 95 ಅಡಿ ಇದ್ದಾಗ ಅದು ಮುಂದಿನ ಬೇಸಿಗೆಯ ಕುಡಿಯುವ ನೀರು.

ಒಳಹರಿವಿನ ಬಗ್ಗೆ ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ಜಲಾಶಯಕ್ಕೆ ಹತ್ತಾರು ಕಡೆಯಿಂದ ನದಿ, ಹಳ್ಳ, ತೊರೆಗಳು ಬಂದು ಸೇರುತ್ತವೆ. ಎಲ್ಲದಕ್ಕೂ ಮಾಪಕ ಇಡಲಾಗದು. ಹಾಗಾಗಿ ಒಳಹರಿವನ್ನು ಬಹುಮಟ್ಟಿಗೆ ಹಿಂದಿನಿಂದ ಲೆಕ್ಕ ಹಾಕುತ್ತಾರೆ. ನಿನ್ನೆ ಬೆಳಿಗ್ಗೆ ಇದ್ದ ಮಟ್ಟ, ಇವತ್ತು ಬೆಳಿಗ್ಗೆ ಇರುವ ಮಟ್ಟ, ನಡುವೆ ನಾಲೆಗೂ ನದಿಗೂ ಬಿಟ್ಟ ನೀರು, ಆವಿಯಾಗಿ ಹೋದದ್ದು. ಇವನ್ನು ಕೂಡಿ ಕಳೆದರೆ ಸಿಗುವುದೇ ಬಂದ ನೀರು. ಅಣೆಕಟ್ಟೆಯ ಮೈಮೇಲೆ ಬಣ್ಣದಲ್ಲಿ ಬರೆದ ಅಳತೆಪಟ್ಟಿಯನ್ನು ಬೆಳಿಗ್ಗೆ ಒಬ್ಬರು ಓದಿ ದಾಖಲಿಸುತ್ತಾರೆ. ಗಾಳಿ ಜೋರಿದ್ದ ದಿನ ಅಲೆ ಪಟ್ಟಿಯ ಮೇಲೆ ಹತ್ತಿ ಇಳಿಯುತ್ತಿರುತ್ತದೆ. ಎರಡು ಅಲೆಗಳ ನಡುವಿನ ಗೆರೆ ಯಾವುದೆಂದು ಕಣ್ಣಳತೆಯಲ್ಲಿ ಹಿಡಿಯಬೇಕು. ಜಲಾಶಯ ತುಂಬಿದ್ದಾಗ ಅಡಿಯ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ಒಳಹರಿವಿನ ಅಂಕಿ ಸಾವಿರ ಕ್ಯುಸೆಕ್‌ಗೂ ಮೀರಿ ಬದಲಾಗುತ್ತದೆ. ಎರಡು ರಾಜ್ಯಗಳು ನ್ಯಾಯಾಲಯದಲ್ಲಿ ವಾದಿಸುವ ಅಂಕಿಗಳ ಬೇರು ಇಂಥ ಒಂದು ಗೆರೆಯಲ್ಲಿದೆ.

ಮಾರಿಕಣಿವೆಯನ್ನು ಕನ್ನಂಬಾಡಿಯ ಪಕ್ಕ ಇಟ್ಟು ನೋಡಿದರೆ ಎರಡರ ಸ್ವಭಾವವೇ ಬೇರೆ ಎಂದು ಗೊತ್ತಾಗುತ್ತದೆ. ಕಾವೇರಿಯ ತಲೆ ಇರುವುದು ಭಾಗಮಂಡಲದ ಕಡೆ, ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆಯ ನಾಡಿನಲ್ಲಿ. ಒಳ್ಳೆಯ ಮುಂಗಾರಿನಲ್ಲಿ ಕೆಆರ್‌ಎಸ್‌ಗೆ ಅದರ ಹೊಟ್ಟೆ ಹಿಡಿಯುವುದಕ್ಕಿಂತ ಎಷ್ಟೋ ಹೆಚ್ಚು ನೀರು ಬಂದು ಹೋಗುತ್ತದೆ. ಅದು ವರ್ಷವರ್ಷವೂ ತುಂಬಿ ವರ್ಷವರ್ಷವೂ ಬರಿದಾಗುವ ಜಲಾಶಯ. ಅದಕ್ಕೆ ಹೋದ ವರ್ಷದ ನೆನಪು ಉಳಿಯುವುದಿಲ್ಲ. ಒಂದು ಮುಂಗಾರು ಕೈಕೊಟ್ಟರೆ ಅದೇ ವರ್ಷ ಕಷ್ಟ ಎದುರಾಗುತ್ತದೆ, ಒಂದು ಮುಂಗಾರು ಚೆನ್ನಾಗಿ ಹಿಡಿದರೆ ಎರಡೇ ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ. 2023ರಲ್ಲಿ ಆದದ್ದು ಮೊದಲನೆಯದು. ದೇಶದ ದಾಖಲೆಯಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಎಲ್ ನಿನೊ ತಲೆಯೆತ್ತಿದ್ದ ವರ್ಷ ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಕೆಆರ್‌ಎಸ್ ಆ ವರ್ಷ ತುಂಬಲೇ ಇಲ್ಲ. 2024ರ ಬೇಸಿಗೆಯ ಕೊನೆಗೆ 80 ಅಡಿಯ ಆಸುಪಾಸಿಗೆ ಇಳಿಯಿತು, ಬೆಂಗಳೂರಿನ ಬಡಾವಣೆಗಳಲ್ಲಿ ಟ್ಯಾಂಕರಿಗಾಗಿ ಜನ ಪರದಾಡಿದರು. ಅದೇ ಜುಲೈ ಮುಗಿಯುವಷ್ಟರಲ್ಲಿ ಕಟ್ಟೆ ಭರ್ತಿ. 2025ರಲ್ಲಂತೂ ಜೂನ್‌ನಲ್ಲೇ ತುಂಬಿ, ಆ ತಿಂಗಳ 30ರಂದು ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು.

ವೇದಾವತಿಗೆ ಆ ಭಾಗ್ಯವಿಲ್ಲ. ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ, ಅವತಿ ಎಂಬ ಎರಡು ತೊರೆಗಳು ಕಡೂರಿನ ಬಳಿ ಸೇರಿ ವೇದಾವತಿಯಾಗುತ್ತವೆ. ಗಿರಿಯ ನೆತ್ತಿಯಲ್ಲಿ ಮಳೆ ಧಾರಾಳ. ಅಲ್ಲಿಂದ ಇಳಿದು ಕಡೂರು, ಹೊಸದುರ್ಗ ದಾಟುವ ಹೊತ್ತಿಗೆ ನದಿ ಮಳೆನೆರಳಿನ ಸೀಮೆಗೆ ಬಂದಿರುತ್ತದೆ. ಹಿರಿಯೂರು, ಚಳ್ಳಕೆರೆಯಲ್ಲಿ ವರ್ಷದ ಮಳೆ 600 ಮಿ.ಮೀ. ಮುಟ್ಟಿದರೆ ಒಳ್ಳೆಯ ವರ್ಷ. ಜಲಾನಯನ ಪ್ರದೇಶ ಸಣ್ಣದೇನಲ್ಲ, 5,300 ಚದರ ಕಿ.ಮೀ.ಗೂ ಹೆಚ್ಚು, ಕನ್ನಂಬಾಡಿಯದರ ಅರ್ಧದಷ್ಟು. ಆದರೆ ಒಣ ನೆಲದ ಮೇಲೆ ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲು ತೀರಾ ಕಡಿಮೆ. ಇಂಥ ನದಿಗೆ 30 ಟಿಎಂಸಿಯ ಜಲಾಶಯ ಕಟ್ಟಿದರು. ಒಂದು ವರ್ಷದಲ್ಲಿ ತುಂಬಲಿ ಎಂದು ಕಟ್ಟಿದ್ದಲ್ಲ ಅದು. ಒಳ್ಳೆಯ ವರ್ಷಗಳ ನೀರನ್ನು ಹಿಡಿದಿಟ್ಟು ಕೆಟ್ಟ ವರ್ಷಗಳನ್ನು ದಾಟಿಸಲಿ ಎಂದು ಕಟ್ಟಿದ್ದು.

ಆ ಕಾಲವನ್ನು ನೆನೆದರೆ ಉದ್ದೇಶ ಅರ್ಥವಾಗುತ್ತದೆ. 1876–78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ನಲುಗಿಹೋಗಿತ್ತು. ಇಪ್ಪತ್ತು ವರ್ಷದ ನಂತರ, 1898ರಲ್ಲಿ, ಈ ಅಣೆಕಟ್ಟೆಯ ಕೆಲಸ ಶುರುವಾದಾಗ ಕ್ಷಾಮ ಕಂಡವರು ಎಲ್ಲ ಊರಲ್ಲೂ ಬದುಕಿದ್ದರು. ಆಗ ರಾಜ್ಯಭಾರ ನಡೆಸುತ್ತಿದ್ದವರು ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿ ವಿಲಾಸ ಸನ್ನಿಧಾನ, ದಿವಾನರು ಕೆ. ಶೇಷಾದ್ರಿ ಅಯ್ಯರ್. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಕಲ್ಲು, ಗಾರೆಯ ಗೋಡೆ ಕಟ್ಟಿ, ಎಡಕ್ಕೂ ಬಲಕ್ಕೂ ನಾಲೆ ತೆಗೆದು, ಮೇಲೆ ಎರಡು ಚೆಂದದ ಮಂಟಪ ನಿಲ್ಲಿಸಿದರು. ಕ್ರಸ್ಟ್‌ಗೇಟುಗಳಿಲ್ಲ. ಕೆರೆಯ ಹಾಗೆ ಒಂದು ಕೋಡಿ, ಅಷ್ಟೆ. 130 ಅಡಿ ಮೀರಿದ ನೀರು ತನ್ನಷ್ಟಕ್ಕೆ ಹೊರಗೆ ಹೋಗುತ್ತದೆ. ಗೇಟು ಎತ್ತುವವರ ನಿರ್ಧಾರಕ್ಕೆ ಕಾಯುವ ಪ್ರಶ್ನೆಯೇ ಇಲ್ಲ. ತುಂಗಭದ್ರೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದ ಮೇಲೆ, ಹಳಬರ ಈ ಸರಳ ಕೋಡಿಯ ಬಗ್ಗೆ ನನಗೆ ಗೌರವ ಇಮ್ಮಡಿಯಾಯಿತು.

ಹಾಗಾದರೆ 1933ರಿಂದ 2022ರವರೆಗೆ ಏನಾಯಿತು? ಮೇಲಿನಿಂದ ನೋಡಿಕೊಂಡು ಬರಬೇಕು. ವೇದಾ ತೊರೆಯ ದಾರಿಯಲ್ಲಿ ಸಖರಾಯಪಟ್ಟಣದ ಅಯ್ಯನಕೆರೆ ಇದೆ. ಅವತಿಯ ದಾರಿಯಲ್ಲಿ ಜನಪದ ಹಾಡಿನಿಂದ ನಾಡಿಗೆಲ್ಲ ಹೆಸರಾದ ಮದಗದ ಕೆರೆ ಇದೆ. ಇವು ತುಂಬಿ ಕೋಡಿ ಬಿದ್ದ ಮೇಲೆ ಮುಂದಿನ ಕೆರೆ, ಅದು ತುಂಬಿದ ಮೇಲೆ ಅದರ ಮುಂದಿನದು. ಕಡೂರು, ಹೊಸದುರ್ಗ ಸೀಮೆಯ ಕೆರೆಗಳ ಸರಣಿ ಎಲ್ಲ ದಾಟಿ ಬಂದದ್ದು ಮಾರಿಕಣಿವೆಗೆ. ಇವೆಲ್ಲ ಅಣೆಕಟ್ಟೆಗಿಂತ ಹಳೆಯ ಕೆರೆಗಳು, ಅವುಗಳ ಪಾಲು ನ್ಯಾಯವಾದದ್ದೇ. ಆಮೇಲೆ ಸೇರಿಕೊಂಡದ್ದು ಚೆಕ್‌ಡ್ಯಾಂಗಳು, ಹಳ್ಳಕ್ಕೆ ಹಾಕಿದ ಪಂಪುಗಳು, ಎಲ್ಲಕ್ಕಿಂತ ಹೆಚ್ಚಾಗಿ ಕೊಳವೆಬಾವಿಗಳು.

ಕೊಳವೆಬಾವಿ ನದಿಯನ್ನು ಒಣಗಿಸುವುದು ಹೊರಗಣ್ಣಿಗೆ ಕಾಣುವುದಿಲ್ಲ. ಹಿಂದೆ ಮಳೆಗಾಲ ಕಳೆದ ಮೇಲೂ ನೆಲದೊಳಗಿನ ನೀರು ಹಳ್ಳದ ತಳದಲ್ಲಿ ಒಸರುತ್ತಿತ್ತು. ಸಂಕ್ರಾಂತಿವರೆಗೂ ಸಣ್ಣ ಹರಿವು ಇರುತ್ತಿತ್ತು. ಅಂತರ್ಜಲ ನೂರಾರು ಅಡಿ ಕೆಳಗಿಳಿದ ಮೇಲೆ ಆ ಒಸರು ನಿಂತಿತು. ಅಷ್ಟೇ ಅಲ್ಲ, ಈಗ ಹಳ್ಳಕ್ಕೆ ನೀರು ಬಂದರೂ ಒಣಗಿದ ತಳವೇ ಅದನ್ನು ಕುಡಿದುಬಿಡುತ್ತದೆ. ಬೆಂಗಳೂರಿನ ಪಶ್ಚಿಮಕ್ಕಿರುವ ಅರ್ಕಾವತಿಯ ಮೇಲೆ ಏಟ್ರೀ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನ ಇದೇ ಮಾತನ್ನು ಹೇಳಿತು. ಒಂದು ಕಾಲಕ್ಕೆ ಬೆಂಗಳೂರಿಗೆ ನೀರು ಕುಡಿಸಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ಕುಸಿದದ್ದಕ್ಕೆ ಮಳೆ ಕಡಿಮೆಯಾದದ್ದು ಮುಖ್ಯ ಕಾರಣವಲ್ಲ. ಅಂತರ್ಜಲವನ್ನು ಎತ್ತಿದ್ದು, ಗುಡ್ಡಗಾಡಿನಲ್ಲಿ ನೀಲಗಿರಿ ಬೆಳೆಸಿದ್ದು, ತೊರೆಗಳಿಗೆ ಅಡ್ಡಕಟ್ಟೆ ಕಟ್ಟಿದ್ದು ಕಾರಣಗಳೆಂದು ಅವರು ತೋರಿಸಿದರು. ಮಳೆಮಾಪಕದಲ್ಲಿ ಅದೇ ಮಳೆ, ಜಲಾಶಯದಲ್ಲಿ ಮಾತ್ರ ನೀರಿಲ್ಲ.

ಇದರಿಂದ ಬರದ ಹೊಡೆತ ಇನ್ನೂ ಜೋರಾಗುತ್ತದೆ. ಮಳೆ ನೂರಕ್ಕೆ ಇಪ್ಪತ್ತು ಕಡಿಮೆಯಾದರೆ ಜಲಾಶಯಕ್ಕೆ ಬರುವ ನೀರು ಇಪ್ಪತ್ತರಷ್ಟೇ ಕಡಿಮೆಯಾಗುವುದಿಲ್ಲ. ಅರ್ಧಕ್ಕರ್ಧ ಇಳಿಯಬಹುದು, ಇನ್ನೂ ಹೆಚ್ಚೂ ಇಳಿಯಬಹುದು. ಮೊದಲ ಪಾಲು ಮಣ್ಣಿಗೆ, ಎರಡನೆಯದು ಕೆರೆಗಳಿಗೆ. ಜಲಾಶಯಕ್ಕೆ ಸಿಗುವುದು ಎಲ್ಲರೂ ಉಂಡು ಮಿಕ್ಕದ್ದು, ಮಿಗದ ವರ್ಷ ಅದೂ ಇಲ್ಲ. ಬರ ಮುಗಿದು ಮಳೆ ಬಂದ ಮೊದಲ ವರ್ಷವೂ ಜಲಾಶಯ ಏಳದಿರುವುದಕ್ಕೆ ಇದೇ ಕಾರಣ. ನೆಲ ಮೊದಲು ತನ್ನ ಬಾಕಿ ವಸೂಲು ಮಾಡಿಕೊಳ್ಳುತ್ತದೆ.

2019ರ ಹಿಂಗಾರಿನಿಂದ ಮಾರಿಕಣಿವೆ ಏಳತೊಡಗಿತು. ಆ ವರ್ಷ ನೀರು ನೂರು ಅಡಿ ದಾಟಿತು. 2020ರಿಂದ 2022ರವರೆಗೆ ಶಾಂತಸಾಗರದಲ್ಲಿ ಲಾ ನಿನಾ ಮೂರು ವರ್ಷ ಬಿಡದೆ ಕೂತಿತ್ತು. ಇಲ್ಲಿ ಮಳೆ ಮೇಲೆ ಮಳೆಯಾಯಿತು. ನೆಲ ತಣಿಯಿತು, ಮೇಲಿನ ಕೆರೆಗಳು ತುಂಬಿಕೊಂಡವು. 2021ರ ಕೊನೆಗೆ ಜಲಾಶಯ 125 ಅಡಿಯ ಹತ್ತಿರ ಬಂದು ನಿಂತಿತು. ಮುಂದಿನ ಮುಂಗಾರಿಗೆ ಮೇಲಿನ ಕೆರೆಗಳಲ್ಲಿ ಜಾಗವೇ ಇರಲಿಲ್ಲ. ಬಿದ್ದ ಮಳೆ ನೇರ ಕಣಿವೆಗೆ ಹರಿಯಿತು. 2022ರ ಕೋಡಿ ಆ ಒಂದು ವರ್ಷದ ಮಳೆಯ ಕೊಡುಗೆಯಲ್ಲ, ಸತತ ನಾಲ್ಕು ವರ್ಷ ಕೂಡಿಬಂದದ್ದರ ಫಲ. ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರಿತ್ತು. ಭದ್ರಾ ಜಲಾಶಯದಿಂದ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ, ವೇದಾವತಿಗೆ ಬಿಡುವ ನೀರು ಅದು. ಪ್ರಮಾಣ ದೊಡ್ಡದಲ್ಲದಿದ್ದರೂ, ತುಂಗಭದ್ರೆ ಸೇರಬೇಕಿದ್ದ ಮಲೆನಾಡಿನ ನೀರು ಬಯಲುಸೀಮೆಯ ಈ ಕಣಿವೆಗೆ ಬಂದದ್ದು ಇತಿಹಾಸದಲ್ಲೇ ಮೊದಲು.

ಇನ್ನು 2023. ಕನ್ನಂಬಾಡಿ ಸೊರಗಿದ ಅದೇ ಬರದಲ್ಲಿ ಮಾರಿಕಣಿವೆ ಎಲ್ಲಿತ್ತು? ಮಳೆ ಅದಕ್ಕೂ ಬರಲಿಲ್ಲ, ನಾಲೆಗೆ ನೀರು ಬಿಟ್ಟರು, ಬಿಸಿಲಿಗೆ ಆವಿಯಾಯಿತು. ಇಷ್ಟಾದರೂ 2024ರ ಬೇಸಿಗೆ ಕಳೆದಾಗ ಅದರಲ್ಲಿ 110 ಅಡಿಗೂ ಮೇಲೆ ನೀರಿತ್ತು. ಹಿರಿಯೂರು, ಚಿತ್ರದುರ್ಗ ಪಟ್ಟಣಗಳಿಗೆ ಕುಡಿಯುವ ನೀರು ತಪ್ಪಲಿಲ್ಲ. ಬದುಕುಳಿದ ತೆಂಗಿನ ತೋಟಗಳು ಹಸಿರಾಗಿಯೇ ಉಳಿದವು. ಮಹಾರಾಣಿಯವರ ಕಾಲದ ಎಂಜಿನಿಯರುಗಳು ಯಾವುದಕ್ಕಾಗಿ ಕಟ್ಟಿದ್ದರೋ ಆ ಕೆಲಸವನ್ನು ಜಲಾಶಯ ನೂರು ವರ್ಷ ಕಳೆದ ಮೇಲೂ ಮಾಡಿ ತೋರಿಸಿತು. ಉಳಿಸಿಕೊಂಡ ನೀರಿಗೆ ಬೆಲೆಯೂ ಇದೆ ಎನ್ನುವುದು ನಿಜ. ನಮ್ಮ ಬಯಲುಸೀಮೆಯ ಬಿಸಿಲಿಗೆ ತೆರೆದ ನೀರಿನ ಮೇಲ್ಮೈಯಿಂದ ವರ್ಷಕ್ಕೆ ಒಂದೂವರೆಯಿಂದ ಎರಡು ಮೀಟರ್ ಆವಿಯಾಗುತ್ತದೆ. ಎರಡು ಮೂರು ವರ್ಷ ಇಟ್ಟುಕೊಂಡರೆ ಅಷ್ಟೂ ವರ್ಷ ಸೂರ್ಯನಿಗೆ ಪಾಲು ಕೊಡಬೇಕು. ಕೊಟ್ಟರೂ ಲಾಭವೇ ಎಂದು ನನ್ನ ಅಭಿಪ್ರಾಯ. ಸತ್ತ ತೆಂಗಿಗೆ ಪರಿಹಾರವಿಲ್ಲ.

ಜಲಾಶಯ ಇಳಿದಾಗ ಬೇರೆ ಸಂಗತಿಗಳೂ ಮೇಲೆ ಬರುತ್ತವೆ. ಲಿಂಗನಮಕ್ಕಿ ತೀರಾ ಇಳಿದ ವರ್ಷಗಳಲ್ಲಿ ಶರಾವತಿ ಹಿನ್ನೀರಿನ ನಡುವೆ ಮಡೆನೂರಿನ ಬಳಿ ಇಡೀ ಒಂದು ಅಣೆಕಟ್ಟೆ ಎದ್ದು ಕಾಣುತ್ತದೆ. ಅದು ಹಿರೇಭಾಸ್ಕರ. ಜೋಗದ ವಿದ್ಯುದಾಗಾರಕ್ಕೆ ನೀರು ಹಿಡಿದಿಡಲು 1940ರ ದಶಕದಲ್ಲಿ ಕಟ್ಟಿ, 1964ರಲ್ಲಿ ಅದಕ್ಕಿಂತ ಬಹು ದೊಡ್ಡದಾದ ಲಿಂಗನಮಕ್ಕಿ ಬಂದ ಮೇಲೆ ಮುಳುಗಿಹೋದ ಕಟ್ಟೆ. ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಸೈಫನ್‌ಗಳು ಅದರಲ್ಲಿದ್ದವು. ದೈತ್ಯ ಆಲಿಕೆಗಳಂಥ ಅವುಗಳ ಬಾಯಿಗಳು ಇವತ್ತಿಗೂ ಕೆಸರಿನ ಮೇಲೆ ನೆಟ್ಟಗೆ ನಿಂತಿವೆ. ಅಷ್ಟು ವರ್ಷ ನೀರೊಳಗಿದ್ದರೂ ಗಾರೆ ಬಿಟ್ಟಿಲ್ಲ. ನೋಡಲು ಹೋದವರು ಫೋಟೊ ತೆಗೆದುಕೊಂಡು ಬೆರಗಾಗಿ ಬರುತ್ತಾರೆ. ಅದೇ ಹಿನ್ನೀರಿನಲ್ಲಿ ಊರು, ಗದ್ದೆ, ದೇವಸ್ಥಾನ ಕಳೆದುಕೊಂಡು ಎದ್ದುಹೋದ ಕುಟುಂಬಗಳವರು ನೀರು ಇಳಿದ ವರ್ಷ ಬಂದು ಹಳೆಯ ಬಾವಿಕಟ್ಟೆಯನ್ನು, ಮನೆಯ ಅಡಿಪಾಯವನ್ನು ಹುಡುಕುವುದೂ ಉಂಟು. ಅವರ ಪುನರ್ವಸತಿಯ ಬಾಕಿ ಇನ್ನೂ ತೀರಿಲ್ಲ. ಹಾಸನದ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಕನ್ನಂಬಾಡಿಯಲ್ಲಿ ಹಳೆಯ ವೇಣುಗೋಪಾಲಸ್ವಾಮಿ ದೇವಾಲಯ ಬರಗಾಲಗಳಲ್ಲಿ ಕಾಣುತ್ತಿತ್ತು. ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ.

ಇಳಿದಾಗ ಕಾಣುವ ಇನ್ನೊಂದು ಸಂಗತಿ ಹೂಳು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಈಗ 105.788 ಟಿಎಂಸಿ. 27 ಟಿಎಂಸಿಯಷ್ಟು ಜಾಗದಲ್ಲಿ ಮಣ್ಣು ಕೂತಿದೆ. ಮಾರಿಕಣಿವೆಯಂಥ ಒಂದು ಜಲಾಶಯವನ್ನೇ ಕಳೆದುಕೊಂಡ ಹಾಗೆ. ಪತ್ರಿಕೆಯ ಕೋಷ್ಟಕದಲ್ಲಿ ಗರಿಷ್ಠ ಮಟ್ಟ ಮಾತ್ರ ಹಿಂದಿನಂತೆ 1,633 ಅಡಿಯೇ. ಅಡಿ ಬದಲಾಗಿಲ್ಲ, ಅಡಿಯೊಳಗಿನ ನೀರು ಬದಲಾಗಿದೆ. ಮೇಲಾಗಿ ಗೇಟುಗಳ ಸ್ಥಿತಿ ನೋಡಿ 2025ರಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಲು ತೀರ್ಮಾನಿಸಬೇಕಾಯಿತು. ಮಳೆ ಧಾರಾಳವಾಗಿ ಬಂದ ವರ್ಷವೇ ಹಿಡಿದಿಡಲು ಆಗಲಿಲ್ಲ. ಇದಕ್ಕಿಂತ ಸಂಕಟದ ಮಾತು ಯಾವುದಿದೆ? ನಿರ್ವಹಣೆಗೆ ಖರ್ಚು ಮಾಡದೆ ಉಳಿಸಿದ ಹಣ ಹೀಗೆ ನದಿಯಲ್ಲಿ ಹರಿದುಹೋಗುತ್ತದೆ.

ಜಲಾಶಯ ತುಂಬಿದ ಮೇಲೆ ಯಾವ ಬೆಳೆಗೆ, ಎಷ್ಟು ದಿನ ನೀರು ಎಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ, ಎಲ್ಲರ ಬಾಯಲ್ಲಿ ಐಸಿಸಿ. ಸಚಿವರು, ಶಾಸಕರು, ಅಧಿಕಾರಿಗಳು, ರೈತ ಮುಖಂಡರು ಕೂತು ನಡೆಸುವ ಸಭೆ. ಕಟ್ಟೆ ತುಂಬಿದ್ದರೆ ಸಭೆ ಬೇಗ ಮುಗಿಯುತ್ತದೆ, ಎರಡನೇ ಬೆಳೆಗೂ ನೀರು ಎಂದು ಘೋಷಣೆಯಾಗುತ್ತದೆ. ಬೇಸಿಗೆ ಭತ್ತ ನಾಟಿಯಾಗುತ್ತದೆ. ಮುಂದಿನ ವರ್ಷ ಮುಂಗಾರು ತಡವಾದರೆ ಎಂಬ ಪ್ರಶ್ನೆ ಆ ಸಭೆಯಲ್ಲಿ ಎತ್ತುವವರು ವಿರಳ. ಎತ್ತಿದರೆ ರೈತವಿರೋಧಿ ಎನಿಸಿಕೊಳ್ಳುವ ಭಯ. ಕೆಆರ್‌ಎಸ್‌ನಂಥ ಕಡೆ ಹೆಚ್ಚು ಉಳಿಸಿಕೊಳ್ಳಲು ಜಾಗವೂ ಇಲ್ಲ, ಅಂತರರಾಜ್ಯ ಹಂಚಿಕೆಯ ಕಟ್ಟುಪಾಡೂ ಇದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ರಾಜ್ಯದ ಗಡಿಯ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಹರಿಸಬೇಕು. ಆದರೆ ಮಾರಿಕಣಿವೆಯಲ್ಲಿ ಜಾಗವಿದೆ, ಅವಕಾಶವೂ ಇದೆ. ಸುಮಾರು 12 ಸಾವಿರ ಹೆಕ್ಟೇರಿನ ಅಚ್ಚುಕಟ್ಟಿಗೆ ವರ್ಷಕ್ಕೆ ಎಷ್ಟು ಬಿಟ್ಟರೆ ಇನ್ನೆರಡು ಕೆಟ್ಟ ವರ್ಷ ದಾಟಬಹುದು ಎಂದು ಮೊದಲೇ ಗೆರೆ ಎಳೆದು, ಆ ಗೆರೆ ಯಾವ ಅಡಿಯಲ್ಲಿದೆ ಎಂದು ಊರೂರಿಗೆ ತಿಳಿಸಿದರೆ ಒಪ್ಪದಷ್ಟು ಅವಿವೇಕಿಗಳಲ್ಲ ನಮ್ಮ ರೈತರು. ಕೆರೆ ನೀರನ್ನು ಅಳೆದು ಹಂಚುತ್ತಿದ್ದ ನೀರುಗಂಟಿಯ ಮಾತನ್ನು ಊರಿಗೆ ಊರೇ ಕೇಳುತ್ತಿದ್ದ ಕಾಲ ಬಹಳ ಹಿಂದಿನದಲ್ಲ.

ಈಗ ಮಾರಿಕಣಿವೆಯಲ್ಲಿ ಎದ್ದಿರುವ ಜಗಳ ಬೇರೆಯದು. 1933ರ ನಂತರ ಮೇಲಿನ ಅಡಿಗಳಿಗೆ ನೀರು ಬಂದದ್ದೇ ಅಪರೂಪ. ಹಾಗಾಗಿ ಹೊಸದುರ್ಗ ತಾಲ್ಲೂಕಿನ ಕಡೆಯ ಹಿನ್ನೀರಿನಂಚಿನಲ್ಲಿ ಜನ ಅಡಿಕೆ, ತೆಂಗು ಹಾಕಿದರು, ಮನೆ ಕಟ್ಟಿದರು, ರಸ್ತೆಗಳಾದವು. ಎರಡು ಮೂರು ತಲೆಮಾರು ನೀರು ಕಾಣದ ನೆಲವನ್ನು ಜಲಾಶಯದ ಅಂಗಳವೆಂದು ನಂಬುವುದಾದರೂ ಹೇಗೆ? 2022ರಲ್ಲಿ ಆ ತೋಟಗಳು ಮುಳುಗಿದವು, ರಸ್ತೆ ಕಡಿದುಹೋಯಿತು. ಕೋಡಿಯ ಎತ್ತರವನ್ನೇ ತಗ್ಗಿಸಿ ಎಂದು ಅವರು ಕೇಳಿದರು. ತಗ್ಗಿಸಕೂಡದು ಎಂದು ಕೆಳಗಿನ ಹಿರಿಯೂರಿನವರು ಎದ್ದುನಿಂತರು. ಮೇಲಿನವರು ನೀರು ಬಂದು ತೋಟ ಕಳೆದುಕೊಂಡವರು, ಕೆಳಗಿನವರು ನೀರು ಬಾರದೆ ತೋಟ ಕಳೆದುಕೊಂಡವರು. ಇಬ್ಬರ ನೋವೂ ನಿಜ.

ಆದರೂ ಕೋಡಿ ತಗ್ಗಿಸುವುದನ್ನು ನಾನು ಒಪ್ಪಲಾರೆ. ಮೇಲಿನ ಅಡಿಗಳೆಂದರೆ ಜಲಾಶಯ ಅತಿ ಅಗಲವಾಗಿರುವ ಅಡಿಗಳು; ಬರದ ವರ್ಷವನ್ನು ದಾಟಿಸುವ ನೀರು ಇರುವುದೇ ಅಲ್ಲಿ. ಮಾಡಬೇಕಾದ ಕೆಲಸ ಸರ್ವೆಯವರದ್ದು, ಕಂದಾಯ ಇಲಾಖೆಯದ್ದು. 130 ಅಡಿಯ ಗೆರೆ ಎಲ್ಲಿ ಹಾದುಹೋಗುತ್ತದೆ, ಕೋಡಿಯ ಮೇಲೆ ಪ್ರವಾಹ ಏರಿದಾಗ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಅಳೆದು ಹೊಲಹೊಲದಲ್ಲೂ ಗಡಿಕಲ್ಲು ನೆಡಬೇಕು. ಜಲಾಶಯಕ್ಕೆ ಸೇರಿದ ಜಮೀನು ಯಾವುದು, ರೈತರ ಸ್ವಂತ ಹಿಡುವಳಿ ಯಾವುದು ಎಂದು ಪಹಣಿ ಸಮೇತ ಬಿಡಿಸಿ ಹೇಳಬೇಕು. ಹಿಡುವಳಿ ಮುಳುಗಿದವರಿಗೆ ಆ ವರ್ಷದ ಬೆಳೆಯ ಬೆಲೆಯಲ್ಲ, ತೋಟದ ಬೆಲೆ ಕೊಡಬೇಕು. ಮುಳುಗುವ ರಸ್ತೆಗಳನ್ನು ಎತ್ತರಿಸಬೇಕು. ಮತ್ತೆ ಮತ್ತೆ ಕೋಡಿ ಬಿದ್ದದ್ದನ್ನು ಕಂಡಾಗಿದೆ, ನೀರು ನಿಂತ ಗುರುತು ಮರಗಳ ಬೊಡ್ಡೆಯ ಮೇಲೆ ಇನ್ನೂ ಇದೆ. ಅದು ಅಳಿಸಿಹೋಗುವ ಮೊದಲು, ಮುಂದಿನ ಬರ ಬಂದು ಆ ನೆಲದಲ್ಲಿ ಮತ್ತೆ ಹೊಸ ಅಡಿಕೆ ಸಸಿ ನೆಡುವ ಮೊದಲು, ಸರಪಳಿ ಹಿಡಿದವರು ಅಲ್ಲಿಗೆ ಹೋಗಬೇಕು.